ಗೇಟಿಲ್ಲದ ಹಳಿ, ಹದಿನೆಂಟು ವರ್ಷದ ಕೇಸು

1979ರ ಮೇ 9ರಂದು ಕೇರಳದ ಅಕಪರಂಬಿನಲ್ಲಿ ಬಾಡಿಗೆ ವಾಹನವೊಂದು ರೈಲು ಹಳಿ ದಾಟುತ್ತಿತ್ತು. ಅಲ್ಲಿ ಗೇಟೂ ಇರಲಿಲ್ಲ, ಗೇಟ್‌ಮನ್ನೂ ಇರಲಿಲ್ಲ. ಜಯಂತಿ ಜನತಾ ಎಕ್ಸ್‌ಪ್ರೆಸ್ ಬಂದು ಗುದ್ದಿತು. ಚಾಲಕನೂ ಸೇರಿ ಸುಮಾರು 40 ಮಂದಿ ಸತ್ತರು, ಉಳಿದವರು ಗಾಯಗೊಂಡರು.

ವಾಹನದ ವಿಮಾ ಕಂಪನಿಯಿಂದ ಪರಿಹಾರ ಕೇಳುವುದು ಗೊತ್ತಿದ್ದ ದಾರಿ. ಆದರೆ ರೈಲ್ವೆಯನ್ನೂ ಅದೇ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಎಳೆಯಬಹುದೇ? ರೈಲು ಮೋಟಾರು ವಾಹನವಲ್ಲ. ಮೇಲಾಗಿ, 1890ರ ರೈಲ್ವೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಗೇಟು ಹಾಕಿ ಎಂದು ಕೇಂದ್ರ ಸರ್ಕಾರ ಆದೇಶಿಸಬೇಕಿತ್ತು, ಅಂಥ ಆದೇಶ ಬಂದಿರದಿದ್ದರೆ ತನ್ನ ಮೇಲೆ ಹೊಣೆಯಿಲ್ಲ ಎನ್ನುವುದು ರೈಲ್ವೆಯ ನಿಲುವು.

ಉತ್ತರ ಸಿಗಲು 18 ವರ್ಷ ಬೇಕಾಯಿತು. 1997ರಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಒಪ್ಪಲಿಲ್ಲ. ಸರ್ಕಾರದ ಆದೇಶ ಇರಲಿ, ಬಿಡಲಿ, ರಸ್ತೆಯನ್ನು ಅಡ್ಡ ಹಾಯುವ ಕಡೆ ಎಚ್ಚರ ವಹಿಸುವ ಕರ್ತವ್ಯ ರೈಲ್ವೆಗೆ ಇದ್ದೇ ಇದೆ ಎಂದಿತು. ಚಾಲಕನ ತಪ್ಪನ್ನು ಹಿಂದೆ ಕೂತ ಪ್ರಯಾಣಿಕರ ತಲೆಗೆ ಕಟ್ಟುವಂತಿಲ್ಲ ಎಂದೂ ಹೇಳಿತು. ಟಿಕೆಟ್ ಕೊಂಡು ಕೂತವನಿಗೆ ಸ್ಟೀರಿಂಗ್ ಮೇಲೆ ಯಾವ ಹಿಡಿತವಿದೆ? ಗಾಯಾಳುಗಳಿಗೆ ದೊಡ್ಡ ಆಸರೆಯಾದದ್ದು ಈ ಮಾತೇ.

ಒಂದು ತೊಡಕು ಮಾತ್ರ ಉಳಿಯಿತು. ಚಾಲಕನದು ಏನೂ ತಪ್ಪಿಲ್ಲ, ಪೂರ್ತಿ ರೈಲ್ವೆಯದೇ ನಿರ್ಲಕ್ಷ್ಯ ಎಂದು ಸಾಬೀತಾದರೆ ನ್ಯಾಯಮಂಡಳಿಗೆ ಅಧಿಕಾರವೇ ಇರುವುದಿಲ್ಲ ಎಂಬ ಅರ್ಥ ಆ ತೀರ್ಪಿನಲ್ಲಿತ್ತು. ಅಂದರೆ ವರ್ಷಗಟ್ಟಲೆ ಅಲೆದು, ಸಾಕ್ಷಿ ಹೇಳಿ, ಗೆದ್ದ ಹೊತ್ತಿಗೆ ಸಿವಿಲ್ ಕೋರ್ಟಿನಲ್ಲಿ ಮತ್ತೆ ಮೊದಲಿನಿಂದ! 2002ರಲ್ಲಿ ಭಗವತಿ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಸರಿಪಡಿಸಿತು. ಅರ್ಜಿ ಹಾಕಿದ ದಿನ ಅಧಿಕಾರವಿದ್ದರೆ, ಕೊನೆಗೆ ತಪ್ಪು ಯಾರದೇ ಆಗಲಿ, ಅದು ಹೋಗುವುದಿಲ್ಲ.

ರೈಲಿನೊಳಗೆ ಇದ್ದವರ ದಾರಿ ಬೇರೆ. ಅವರದು 1987ರ ಕಾಯ್ದೆಯಿಂದ ಹುಟ್ಟಿದ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್. ಅಲ್ಲಿ ಯಾರ ತಪ್ಪು ಎಂದು ತೋರಿಸಬೇಕಿಲ್ಲ. ಸಾವಿಗೆ 2017ರಿಂದ 8 ಲಕ್ಷ ರೂಪಾಯಿ ನಿಗದಿಯಾಗಿದೆ. ರಸ್ತೆಯಲ್ಲಿದ್ದವರಿಗೆ ಇದು ಅನ್ವಯಿಸುವುದಿಲ್ಲ. ರೈಲ್ವೆಯಿಂದ ಪರಿಹಾರ ಕೇಳಲು ಅವರು ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಆದರೆ ಕಳೆದುಕೊಂಡ ದುಡಿಮೆ, ಚಿಕಿತ್ಸೆ, ಅಂಗವೈಕಲ್ಯ ಎಲ್ಲವನ್ನೂ ಲೆಕ್ಕಕ್ಕೆ ತಂದು ಕೇಳಬಹುದು. ಚಾಲಕ, ರೈಲ್ವೆ ಇಬ್ಬರದೂ ತಪ್ಪಿದ್ದರೆ ಪ್ರಯಾಣಿಕರು ಪೂರ್ತಿ ಮೊತ್ತವನ್ನು ಒಬ್ಬರಿಂದಲೇ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟಿನ 2015ರ ಖೆನ್ಯೇ ತೀರ್ಪು ಹೇಳುತ್ತದೆ. ಪಾಲು ಹಂಚಿಕೊಳ್ಳುವುದು ಅವರಿಬ್ಬರ ತಲೆನೋವು.

ಚಾಲಕನಿಗೆ ಕಾನೂನು ಅಷ್ಟು ಮೃದುವಲ್ಲ. ಕಾವಲಿಲ್ಲದ ಕ್ರಾಸಿಂಗಿನಲ್ಲಿ ವಾಹನ ನಿಲ್ಲಿಸಿ, ಕಂಡಕ್ಟರನೋ ಕ್ಲೀನರನೋ ಇಳಿದು ಹಳಿಯವರೆಗೆ ನಡೆದು, ಎರಡೂ ಕಡೆ ನೋಡಿ ದಾಟಿಸಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಹೇಳುವುದು ಇದನ್ನೇ. ಹೀಗೆ ಮಾಡದಿದ್ದರೆ ಅವನ ಪರಿಹಾರ ಕಡಿತವಾಗಬಹುದು, ರೈಲ್ವೆ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲೂ ಆಗಬಹುದು.

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗುಗಳನ್ನು 2019ರ ಜನವರಿ ಹೊತ್ತಿಗೆ ತೆಗೆದುಹಾಕಲಾಯಿತು. ಆದರೂ 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿ, ಗೇಟ್‌ಮನ್ ಇದ್ದ ಕ್ರಾಸಿಂಗಿನಲ್ಲೇ ಶಾಲಾ ವ್ಯಾನಿಗೆ ರೈಲು ಬಡಿದು ಮಕ್ಕಳು ಸತ್ತರು. ಅದು ಸಿಗ್ನಲ್ಲಿಗೆ ಬೆಸೆದಿರದ ಗೇಟು. ಅಂಥ ಕಡೆ ಗೇಟು ಮುಚ್ಚಿದೆ ಎಂದು ಗೇಟ್‌ಮನ್ ಫೋನಿನಲ್ಲಿ ಸ್ಟೇಷನ್ ಮಾಸ್ಟರಿಗೆ ಖಚಿತಪಡಿಸಬೇಕು.

ಹಾಗಾಗಿ ಇಂದಿನ ಗಾಯಾಳುವಿಗೆ ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟುಗಳ ಜೊತೆಗೆ ಆ ಫೋನ್ ಮಾತಿನ ದಾಖಲೆಯೂ ಬೇಕು. ಅದು ಇರುವುದು ರೈಲ್ವೆಯ ಕೈಯಲ್ಲಿ. ತರಿಸಿಕೊಳ್ಳುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 169ನೇ ಸೆಕ್ಷನ್ ಅಡಿ ನ್ಯಾಯಮಂಡಳಿಗಿದೆ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಅರ್ಜಿಗೆ 6 ತಿಂಗಳ ಗಡುವಿದೆ. ಗಾಯಾಳು ತಾನು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಅದನ್ನು ಸಲ್ಲಿಸಬಹುದು.