ಅಡ್ಡಗೋಡೆಗೆ ಮುಂಚೆ ಟೇಪು ಹಿಡಿಯಿರಿ



ಹೊಲಿಗೆ ತರಬೇತಿಗೆ ಒಂದು ಕೋಣೆ, ಲೆಕ್ಕಪತ್ರಕ್ಕೆ ಒಂದು ಕೋಣೆ ಅಂತ ಸಂಘದ ಹಾಲನ್ನು ಎರಡು ಮಾಡುವಾಗ ಜಿಪ್ಸಂ ಬೋರ್ಡಿನ ಗೋಡೆ ಅನುಕೂಲ. ಇಟ್ಟಿಗೆಗಿಂತ ಹಗುರ, ಬೇಗ ಮುಗಿಯುತ್ತದೆ. ಆದರೆ ಅಳತೆ ನೋಡದೆ ಕೆಲಸ ಕೊಟ್ಟರೆ ಸಾಲದ ಹಣದಲ್ಲಿ ತಂದ ಬೋರ್ಡು ತುಂಡು ತುಂಡಾಗಿ ಕಸಕ್ಕೆ ಹೋಗುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಬೋರ್ಡು 6 ಅಡಿ ಉದ್ದ, 4 ಅಡಿ ಅಗಲ, ದಪ್ಪ 12.5 ಮಿ.ಮೀ. ಗೋಡೆ 12 ಅಡಿ ಉದ್ದ, 8 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಬಾಗಿಲಿನ ಲೆಕ್ಕ ಸದ್ಯ ಬಿಡೋಣ. ಬೋರ್ಡನ್ನು ಅಡ್ಡ ಕೂರಿಸಿದರೆ ಒಂದು ಬದಿಗೆ 4, ಎರಡು ಬದಿಗೆ 8 ಸಾಕು. ಎತ್ತರ 9 ಅಡಿ ಇದ್ದರೆ? ಇನ್ನೊಂದೇ ಬೋರ್ಡು ತಂದು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿದರೆ ಎರಡೂ ಬದಿಗೆ ಆಯಿತು. ಆದ್ದರಿಂದ ಮೇಸ್ತ್ರಿ ಹತ್ತಿರ "ಎಷ್ಟು ಚದರಡಿ?" ಅಂತ ಮಾತ್ರ ಕೇಳಬೇಡಿ. "ಎಷ್ಟು ಬೋರ್ಡು, ಎಲ್ಲೆಲ್ಲಿ ಕೊಯ್ಯುತ್ತೀರಿ?" ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ನೆಲಕ್ಕೂ ಮೇಲಕ್ಕೂ ತಗಡಿನ ಚಾನೆಲ್ ಹೊಡೆದು, ನಡುವೆ 2 ಅಡಿಗೊಂದರಂತೆ 'ಸ್ಟಡ್' ಎನ್ನುವ ನಿಲುವು ಪಟ್ಟಿ ನಿಲ್ಲಿಸುತ್ತಾರೆ. ಅಕ್ಕಪಕ್ಕದ ಎರಡು ಬೋರ್ಡು ಕೂಡುವ ಸಂದು ಸ್ಟಡ್ ಮೇಲೆಯೇ ಬರಬೇಕು. ಕೆಳಸಾಲಿನ ಸಂದು 6 ಅಡಿಯಲ್ಲಿದ್ದರೆ ಮೇಲ್ಸಾಲಿನದು ಅದೇ ನೇರಕ್ಕೆ ಬರಬಾರದು, ಬಿರುಕು ಬಿಡುತ್ತದೆ. ಒಂದು ಬೋರ್ಡನ್ನು 4 ಅಡಿ ಮತ್ತು 2 ಅಡಿ ಮಾಡಿ, ಮಧ್ಯೆ ಇಡೀ ಬೋರ್ಡು ಕೂರಿಸಿದರೆ ಚೂರೂ ಉಳಿಯುವುದಿಲ್ಲ. ಸರಿ ಅರ್ಧಕ್ಕೆ ಕೊಯ್ದಿರೋ, 3 ಅಡಿಯಲ್ಲಿ ಸ್ಟಡ್ಡೇ ಇರುವುದಿಲ್ಲ!

ಬಾಗಿಲ ಮೂಲೆಯಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಅಲ್ಲಿ ಸಂದು ಬಂದರೆ ಬಾಗಿಲು ಬಡಿದಾಗಲೆಲ್ಲ ಬಿರುಕು. ಇಡೀ ಬೋರ್ಡನ್ನೇ ಮೂಲೆಯ ಆಕಾರಕ್ಕೆ ಕೊಯ್ಯಿಸಿ.

ಕೊಯ್ಯಲು ಗರಗಸ ಬೇಡ. ಮುಂದಿನ ಕಾಗದಕ್ಕೆ ಚಾಕುವಿನಿಂದ ಗೀರು ಎಳೆದು, ಹಿಂದಕ್ಕೆ ಮಡಚಿದರೆ ಲಟಕ್ಕನೆ ಮುರಿಯುತ್ತದೆ. ಹಿಂದಿನ ಕಾಗದ ಕತ್ತರಿಸಿದರೆ ಆಯಿತು. ಒಂದು ಬೋರ್ಡು ಸುಮಾರು 20 ಕೆ.ಜಿ. ತೂಗುತ್ತದೆ, ಒಬ್ಬರೇ ಎತ್ತಲು ಹೋಗಿ ಮೂಲೆ ಜಜ್ಜಿಸಬೇಡಿ.

ಕೂಲಿ ಹೆಚ್ಚಾಗಿ ದಂಡವಾಗುವುದು ಮುಚ್ಚಿದ ಗೋಡೆ ಮತ್ತೆ ಬಿಚ್ಚುವಾಗ. ಒಂದು ಬದಿ ಮುಚ್ಚಿದ ಮೇಲೆ ವೈರಿಂಗ್ ಎಳೆಸಿ. ಕಪಾಟು ತೂಗುಹಾಕುವ ಜಾಗದಲ್ಲಿ ಒಳಗೆ ಮರದ ಪಟ್ಟಿ ಕೊಡಿಸಿ. ಬರೀ ಬೋರ್ಡು ಭಾರ ತಾಳದು. ಆಮೇಲೆ ಇನ್ನೊಂದು ಬದಿ.

ಬೋರ್ಡಿನ ಕೆಳ ಅಂಚು ನೆಲದಿಂದ ಅರ್ಧ ಅಂಗುಲ ಮೇಲಿರಲಿ, ನೆಲ ಒರೆಸಿದ ನೀರು ಹೀರಬಾರದು. ಮಳೆಗಾಲದಲ್ಲಿ ಒಸರುವ ಗೋಡೆ ಪಕ್ಕಕ್ಕೆ, ಬಚ್ಚಲಿಗೆ ಈ ಸಾಮಾನ್ಯ ಬೋರ್ಡು ಬೇಡವೇ ಬೇಡ.