ರಟ್ಟು ಕಳಚಿದ ಗ್ರಂಥ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1942ರಲ್ಲಿ ಬಾಗಿಲು ತೆರೆದ ಹೋಟನ್ ಗ್ರಂಥಾಲಯವು ಅಪೂರ್ವ ಗ್ರಂಥಗಳಿಗೂ ಹಸ್ತಪ್ರತಿಗಳಿಗೂ ಮೀಸಲಾದ ಭಂಡಾರ. ಕೀಟ್ಸ್ ಕವಿಯ ಕೈಬರಹವೂ ಎಮಿಲಿ ಡಿಕಿನ್‌ಸನ್ನಳ ಕಾಗದಪತ್ರಗಳೂ ಅಲ್ಲಿವೆ. ಇಂತಹ ಗ್ರಂಥಾಲಯಗಳು ತಮ್ಮ ಕಪಾಟಿನಲ್ಲಿರುವ ಆಕ್ಷೇಪಾರ್ಹ ಸಾಮಗ್ರಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಹೊಸದಲ್ಲ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯವು 1882ರಲ್ಲಿಯೇ ಅಶ್ಲೀಲವೆನಿಸಿದ ಪುಸ್ತಕಗಳಿಗೆ ‘ಫೈ’ ಎಂಬ ಗ್ರೀಕ್ ಅಕ್ಷರದ ಗುರುತಿಟ್ಟು ಬೇರೆಯಾಗಿರಿಸಿತು. ಅವನ್ನು ಓದಬಯಸುವ ವಿದ್ಯಾರ್ಥಿಯು ಅಧ್ಯಾಪಕರಿಂದ ಪತ್ರ ತರಬೇಕಾಗಿತ್ತು.

ಹೋಟನ್ನಿನ ಗ್ರಂಥವೊಂದರಲ್ಲಾದರೋ ದೋಷವಿದ್ದುದು ಅಕ್ಷರಗಳಲ್ಲಿ ಅಲ್ಲ. ಫ್ರೆಂಚ್ ಲೇಖಕ ಆರ್ಸೆನ್ ಉಸ್ಸೇ ಆತ್ಮದ ಗತಿಯನ್ನು ಕುರಿತು ಬರೆದ ಹೊತ್ತಗೆಯನ್ನು 1880ರ ದಶಕದಲ್ಲಿ ಮಿತ್ರನಾದ ಲ್ಯೂಡೊವಿಕ್ ಬೂಲಾಂ ಎಂಬ ವೈದ್ಯನಿಗೆ ಕೊಡಲು, ಆತನು ತಾನಿದ್ದ ಆಸ್ಪತ್ರೆಯಲ್ಲಿ ಮೃತಳಾದ ರೋಗಿಯೊಬ್ಬಳ ಶರೀರದಿಂದ, ಯಾರ ಸಮ್ಮತಿಯೂ ಇಲ್ಲದೆ ತೆಗೆದಿರಿಸಿಕೊಂಡಿದ್ದ ಚರ್ಮದಿಂದ ಅದಕ್ಕೆ ರಟ್ಟು ಕಟ್ಟಿಸಿದನು. ಅದರ ಸೊಗಸು ಕೆಡದಿರಲೆಂದು ಮೇಲೆ ಯಾವ ಅಲಂಕಾರವನ್ನೂ ಅಚ್ಚೊತ್ತಿಸಲಿಲ್ಲವೆಂದು ಒಳಗೆ ಟಿಪ್ಪಣಿಯನ್ನೂ ಬರೆದಿಟ್ಟನು. ಆ ಟಿಪ್ಪಣಿಯ ಶಾಂತವಾದ ಧಾಟಿಯೇ ನನಗೆ ಅತ್ಯಂತ ಭೀಕರವಾಗಿ ತೋರುತ್ತದೆ.

1934ರಲ್ಲಿ ಹಾರ್ವರ್ಡನ್ನು ಸೇರಿದ ಈ ಪ್ರತಿಯ ರಟ್ಟು ಮನುಷ್ಯಚರ್ಮವೇ ಎಂಬುದು 2014ರ ಪ್ರೋಟೀನ್ ಪರೀಕ್ಷೆಯಿಂದ ಸ್ಥಿರಪಟ್ಟಿತು. ಹೊಸದಾಗಿ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗಳಿಗೆ ಸಂಗತಿ ತಿಳಿಸದೆ ಪುಸ್ತಕವನ್ನು ತರಿಸಿ ಕೀಟಲೆ ಮಾಡುವ ವಾಡಿಕೆ ಒಂದು ಕಾಲಕ್ಕೆ ಇತ್ತೆಂದೂ, ಪರೀಕ್ಷೆಯ ಸುದ್ದಿಯನ್ನು ತಾವು ಹಗುರವಾದ ಮಾತುಗಳಲ್ಲಿ ಸಾರಿದೆವೆಂದೂ ಗ್ರಂಥಾಲಯದವರೇ ಅನಂತರ ಒಪ್ಪಿಕೊಂಡು ಕ್ಷಮೆ ಕೇಳಿದರು. ವಿಶ್ವವಿದ್ಯಾನಿಲಯದ ಸಂಗ್ರಹಗಳಲ್ಲಿನ ಮಾನವಾವಶೇಷಗಳನ್ನು ಕುರಿತ 2022ರ ವರದಿಯ ತರುವಾಯ ವಿಷಯವು ಮತ್ತೆ ಪರಿಶೀಲನೆಗೆ ಬಂದು, 2024ರ ಮಾರ್ಚಿನಲ್ಲಿ ಆ ರಟ್ಟನ್ನು ಕಳಚಿದ ವಾರ್ತೆ ಪ್ರಕಟವಾಯಿತು. ಚರ್ಮವು ಇಂದು ಪ್ರದರ್ಶನದ ವಸ್ತುವಲ್ಲ, ಅದರ ಚಿತ್ರವನ್ನೂ ತೋರಿಸುವುದಿಲ್ಲ. ಅದಕ್ಕೆ ಗೌರವಯುತವಾದ ಅಂತಿಮ ಗತಿಯನ್ನು ಕಾಣಿಸುವ ವಿಚಾರವನ್ನು ಫ್ರಾನ್ಸಿನ ಅಧಿಕಾರಿಗಳೊಡನೆ ಸಮಾಲೋಚಿಸುವುದಾಗಿ ಗ್ರಂಥಾಲಯವು ಹೇಳಿತು. ಉಸ್ಸೇಯ ಬರಹ ಮಾತ್ರ ಡಿಜಿಟಲ್ ರೂಪದಲ್ಲಿ ಯಾರಿಗಾದರೂ ಲಭ್ಯ.

ಕಳಚಿದರೆ ಇತಿಹಾಸದ ಸಾಕ್ಷ್ಯವೇ ಅಳಿಯಿತಲ್ಲವೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ನಡೆದ ಕೃತ್ಯವನ್ನು ಮರೆಮಾಚದೆ ದಾಖಲಿಸಿಡುವುದು ಗ್ರಂಥಪಾಲಕನ ಧರ್ಮವೇ ಹೊರತು, ಆ ಕೃತ್ಯಕ್ಕೆ ಬಲಿಯಾದವಳ ಚರ್ಮವನ್ನು ಓದುಗರ ಕುತೂಹಲಕ್ಕೆ ಒಡ್ಡುವುದಲ್ಲ, ದಾಖಲೆಯಂತೂ ಹಾರ್ವರ್ಡಿನವರ ಪ್ರಕಟಣೆಯಲ್ಲಿಯೇ ಮುಚ್ಚುಮರೆಯಿಲ್ಲದೆ ನಿಂತಿದೆ.