ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರ ಊಟ

ತೂಕ ಇಳಿಸಲು ಜಠರದ ಮೇಲ್ಭಾಗಕ್ಕೆ ತೊಡಿಸುವ ಬ್ಯಾಂಡ್ ಎಂದರೆ ಸಿಲಿಕೋನಿನ ಬಳೆ. ಅದರ ಮೇಲೆ ಉಳಿಯುವ ಚೀಲದಲ್ಲಿ ಸುಮಾರು 30 ಮಿ.ಲೀ. ಮಾತ್ರ ಹಿಡಿಯುತ್ತದೆ. ಈಗ ಹೊಸದಾಗಿ ಬ್ಯಾಂಡ್ ಹಾಕುವುದು ಅಪರೂಪ. ಆದರೆ ಹಿಂದೆ ಹಾಕಿಸಿಕೊಂಡವರು ಅದರೊಂದಿಗೇ ಬಾಳಬೇಕಲ್ಲ!

ನಮ್ಮ ಭಾಗದಲ್ಲಿ ತೊಂದರೆ ಶುರುವಾಗುವುದು ಪಂಕ್ತಿಯಲ್ಲಿ. "ಇನ್ನೊಂದ್ ರೊಟ್ಟಿ ಹಾಕ್ಕೋರಿ" ಎಂಬ ಉಪಚಾರ ಇವರಿಗೆ ಶಿಕ್ಷೆ. ಮನೆಯವರು ದಯವಿಟ್ಟು ಒತ್ತಾಯ ಮಾಡಬಾರದು. ತಾಟಿನಲ್ಲಿ ಬಿಡಲು ಸಂಕೋಚವಾದರೆ ಮೊದಲೇ ಕಡಿಮೆ ಬಡಿಸಿಕೊಳ್ಳಿರಿ. ಕಟಕ್ ರೊಟ್ಟಿ ಸಿಕ್ಕಿಕೊಳ್ಳಬಹುದು. ಮೆತ್ತನೆಯ ರೊಟ್ಟಿಯ ಸಣ್ಣ ತುತ್ತನ್ನು ಕಾಳಿನ ಪಲ್ಯದೊಂದಿಗೆ ನುಣ್ಣಗೆ ಅಗಿಯಿರಿ. ನೀರನ್ನು ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿನ ಹಾಲು, ಸಕ್ಕರೆ ಚಹಾ, ಪಾಯಸಗಳನ್ನು ಬ್ಯಾಂಡ್ ತಡೆಯುವುದಿಲ್ಲ. ಅವು ಸಲೀಸಾಗಿ ಇಳಿದು ತೂಕ ಏರಿಸುತ್ತವೆ. ಗೋಕಾಕದ ಕರದಂಟಿನ ತುಂಡು ಸಣ್ಣದಾದರೂ ಬೆಲ್ಲ, ತುಪ್ಪ ಬಹಳ.

ವಾಂತಿ "ರೂಢಿ ಆಗೇತಿ" ಎಂದು ಸುಮ್ಮನಿರುವುದು ಅಪಾಯ. ಪದೇ ಪದೇ ವಾಂತಿಯಾದರೆ ಬ್ಯಾಂಡ್ ಬಿಗಿಯಾಗಿರಬಹುದು, ಇಲ್ಲವೇ ಜಾರಿರಬಹುದು. ಚರ್ಮದ ಕೆಳಗಿನ ಪೋರ್ಟಿನಿಂದ ಸಲೈನ್ ತೆಗೆದು ವೈದ್ಯರು ಅದನ್ನು ಸಡಿಲಿಸುತ್ತಾರೆ. ಅದಕ್ಕೆ ಬೇರೆಯೇ ಸೂಜಿ ಬೇಕು, ಅನುಭವವಿಲ್ಲದವರಿಂದ ಚುಚ್ಚಿಸಿಕೊಳ್ಳಬೇಡಿರಿ. ಗುಟುಕು ನೀರೂ ಇಳಿಯದಿದ್ದರೆ, ಹೊಟ್ಟೆನೋವು ಜೋರಾದರೆ, ಪೋರ್ಟಿನ ಜಾಗ ಕೆಂಪಾಗಿ ಜ್ವರ ಬಂದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕು. ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು. ಗರ್ಭಿಣಿಯಾದ ಕೂಡಲೇ ತಿಳಿಸಬೇಕು. ಯಾವ ವೈದ್ಯರ ಬಳಿ ಹೋದರೂ ಶಸ್ತ್ರಚಿಕಿತ್ಸೆಯ ಕಾಗದ ಜೊತೆಗಿರಲಿ.